ಹಳೇ ರೆಕಾರ್ಡ್ ಕೊಳ್ಳುವಾಗ ಕೊನೇ ಹಾಡಿನಿಂದ ಶುರು ಮಾಡಿ

ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಅಂಗಡಿಗೆ ಹೋಗಿ, ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗದೆ ನಿಲ್ಲುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಮುಕ್ಕಾಲು ಪಾಲು ನನ್ನದಲ್ಲ. ಕಾಲೇಜಿನ ದಿನಗಳಿಂದ ನಾನು ಹೋಗುತ್ತಿದ್ದ ಒಂದು ಅಂಗಡಿಯ ಯಜಮಾನರದ್ದು. ಅವರೂ ಈಗ ಇಲ್ಲ, ಅಂಗಡಿಯೂ ಇಲ್ಲ. ಕೂರಿಸಿಕೊಂಡು ಪಾಠ ಹೇಳುವ ಜಾಯಮಾನ ಅವರದಲ್ಲ. ಕನ್ನಡಕವನ್ನು ಹಣೆಗೇರಿಸಿ, ಯಾರೋ ತಂದುಕೊಟ್ಟ ರಟ್ಟಿನ ಡಬ್ಬ ಬಿಚ್ಚುತ್ತಾ, ನಮ್ಮ ಕಡೆ ನೋಡದೆಯೇ ಒಂದು ಮಾತು ಎಸೆಯುತ್ತಿದ್ದರು. ಮುಂದಿನ ಸಲ ಹೋದಾಗ ಇನ್ನೊಂದು.

ಮೊದಲನೆಯದು, ಕವರ್ ನೋಡಿ ಮರುಳಾಗಬೇಡಿ. "ಕವರ್ ಹೇಳೋದು ಮನೆ ಹೇಗಿತ್ತು ಅಂತ. ಹಾಡು ಹೇಗಿದೆ ಅಂತ ಪ್ಲೇಟನ್ನೇ ಕೇಳಬೇಕಪ್ಪ" ಅನ್ನುತ್ತಿದ್ದರು. ಅವರ ಬಾಯಲ್ಲಿ ರೆಕಾರ್ಡ್ ಯಾವತ್ತೂ ಪ್ಲೇಟೇ. ಅಂಚು ಹರಿದ ಕವರ್, ಪೆನ್ನಿನಲ್ಲಿ ಯಾರದೋ ಹೆಸರು ಬರೆದ ಕವರ್, ಒಳಗಿನ ಪ್ಲೇಟಿನ ದುಂಡು ಗುರುತು ಎದ್ದು ಕಾಣುವ ಕವರ್, ಇವಕ್ಕೆಲ್ಲ ಹೆದರಬೇಕಿಲ್ಲ. ದುಂಡು ಗುರುತು ಬರುವುದು ಕಪಾಟಿನಲ್ಲಿ ಬಿಗಿಯಾಗಿ ತುರುಕಿಟ್ಟಾಗ. ಒಳಗಿನ ಪ್ಲೇಟು ಚೆನ್ನಾಗಿಯೇ ಇರಬಹುದು. ಹೆದರಬೇಕಾದದ್ದು ವಾಸನೆಗೆ. ಕವರಿನ ಬಾಯಿ ಅಗಲಿಸಿ ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ ಯೋಚಿಸಿ. ಪ್ಲೇಟಿನ ಮೇಲಿನ ಬೂಷ್ಟನ್ನು ತೊಳೆಯಬಹುದು. ಕಾಗದಕ್ಕೆ ಹಿಡಿದದ್ದು ಸುಲಭಕ್ಕೆ ಹೋಗುವುದಿಲ್ಲ, ಜೊತೆಗೆ ಮನೆಯ ಬೇರೆ ಕವರುಗಳಿಗೂ ಹಬ್ಬುತ್ತದೆ.

ಆಮೇಲೆ ಪ್ಲೇಟನ್ನು ಹೊರಗೆ ತೆಗೆಯಿರಿ. ಹೆಬ್ಬೆರಳಿನ ಬುಡ ಅಂಚಿಗೆ, ಉಳಿದ ಬೆರಳ ತುದಿಗಳು ನಡುವಿನ ಲೇಬಲ್ಲಿಗೆ. ಹಾಡು ಕೊರೆದಿರುವ ಗೆರೆಗಳ ಮೇಲೆ ಬೆರಳು ಬೀಳಬಾರದು, ಕೈಯ ಜಿಡ್ಡು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀವು ಪ್ಲೇಟು ಹಿಡಿಯುವ ರೀತಿ ನೋಡಿಯೇ ಅಂಗಡಿಯವರು ನಿಮ್ಮನ್ನು ಅಳೆದುಬಿಡುತ್ತಾರೆ. ನಮ್ಮ ಯಜಮಾನರಂತೂ ಗೆರೆಗೆ ಬೆರಳು ಊರಿದವರಿಗೆ ಒಳಗಿನ ಕಪಾಟನ್ನು ತೋರಿಸುತ್ತಲೇ ಇರಲಿಲ್ಲ.

ಬೆಳಕು ಒಂದೇ ಕಡೆಯಿಂದ ಬೀಳಬೇಕು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪ್ಲೇಟುಗಳೂ ಹೊಸದರ ಹಾಗೇ ಕಾಣುತ್ತವೆ. ಕೌಂಟರಿನ ತುದಿಯಲ್ಲಿ ಕುತ್ತಿಗೆ ಬಗ್ಗಿಸುವ ಒಂದು ಟೇಬಲ್ ಲ್ಯಾಂಪ್ ಇತ್ತು. ಅದು ಅಲ್ಲಿದ್ದದ್ದು ಇದಕ್ಕೊಂದಕ್ಕೇ. ಪ್ಲೇಟನ್ನು ಅದರ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಕೂದಲೆಳೆಯಂಥ ಗೀರುಗಳೂ ಮಿಂಚುತ್ತಿದ್ದವು. ಲ್ಯಾಂಪ್ ಇಲ್ಲದ ಕಡೆ ಮೊಬೈಲಿನ ಟಾರ್ಚ್ ಸಾಕು.

ಗೀರು ಕಂಡ ಕೂಡಲೇ ಬೇಡ ಅನ್ನಬೇಡಿ. ಅದು ಎಷ್ಟು ಉದ್ದ ಇದೆ ಅನ್ನುವುದಕ್ಕಿಂತ ಯಾವ ದಿಕ್ಕಿಗಿದೆ ಅನ್ನುವುದು ಮುಖ್ಯ. ಗೆರೆಗಳಿಗೆ ಅಡ್ಡವಾಗಿ ಅಂಚಿನಿಂದ ನಡುವಿನ ಕಡೆ ಹೋಗಿದ್ದರೆ, ಪ್ಲೇಟು ಒಂದು ಸುತ್ತು ಬಂದಾಗಲೆಲ್ಲ ಟಿಕ್ ಅನ್ನುತ್ತದೆ. ಎಲ್‌ಪಿ, ಅಂದರೆ ಒಂದೊಂದು ಬದಿಯಲ್ಲೂ ಹಲವು ಹಾಡು ಹಿಡಿಸುವ ದೊಡ್ಡ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಪ್ರತಿ 1.8 ಸೆಕೆಂಡಿಗೆ ಒಂದು ಟಿಕ್. ಕಿರಿಕಿರಿ ನಿಜ, ಆದರೆ ಹಾಡು ಮುಂದೆ ಹೋಗುತ್ತದೆ. ಗೆರೆಯ ಜೊತೆಜೊತೆಗೇ, ಸ್ವಲ್ಪವೇ ಓರೆಯಾಗಿ ಓಡುವ ಗೀರು ಇದೆಯಲ್ಲ, ಅದು ಚಿಕ್ಕದಾದರೂ ಕೆಟ್ಟದ್ದು. ಗೆರೆಯಲ್ಲಿ ಓಡುವ ಪ್ಲೇಯರಿನ ಮುಳ್ಳು ಅದರೊಳಗೆ ಜಾರಿ ಪಕ್ಕದ ಗೆರೆಗೆ ಹಾರುತ್ತದೆ. ಇಲ್ಲವೇ ಅಲ್ಲೇ ಸಿಕ್ಕಿಕೊಂಡು ಒಂದೇ ಸಾಲನ್ನು ಹಾಡುತ್ತಾ ಕೂರುತ್ತದೆ. ಅನುಮಾನ ಬಂದರೆ, ಅಂಗಡಿಯವರನ್ನು ಕೇಳಿ, ಉಗುರಿನ ತುದಿಯನ್ನು ಆ ಜಾಗದಲ್ಲಿ ಹಗುರವಾಗಿ ಆಡಿಸಿ. ಉಗುರಿಗೆ ತಡೆದರೆ ಮುಳ್ಳಿಗೂ ತಡೆಯುತ್ತದೆ.

ಗೀರಿಗಿಂತ ಮೋಸ ಮಾಡುವುದು ಸವೆತ. ಇದು ಒಂದು ಗೀರೂ ಇಲ್ಲದ ಪ್ಲೇಟಿನಲ್ಲೂ ಇರುತ್ತದೆ. ಹಳೇ ಪ್ಲೇಯರುಗಳಲ್ಲಿ ಮುಳ್ಳು ಹಿಡಿದ ತೋಳು ಭಾರ. ಮುಳ್ಳು ಸವೆದಿದ್ದರೂ ಬದಲಿಸದೆ ಹಾಕುತ್ತಿದ್ದವರು ಬಹಳ. ಈಗಿನ ಕಾರ್ಟ್ರಿಜ್‌ಗಳಿಗೆ (ತೋಳಿನ ತುದಿಯಲ್ಲಿ ಮುಳ್ಳು ಕೂರುವ ಭಾಗ) ಸಾಮಾನ್ಯವಾಗಿ 1.5ರಿಂದ 2 ಗ್ರಾಂ ಒತ್ತಡ ಸಾಕು. ಅದರ ಎಷ್ಟೋ ಪಟ್ಟು ಭಾರ ಹೊತ್ತ ಮುಳ್ಳು ವರ್ಷಗಟ್ಟಲೆ ಓಡಾಡಿದ ಗೆರೆಯ ಗೋಡೆ ಕಿತ್ತುಹೋಗಿರುತ್ತದೆ. ಅಂಥ ಪ್ಲೇಟು ಕಪ್ಪಗೆ ಹೊಳೆಯುವ ಬದಲು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಲೇಬಲ್ಲಿನ ತೂತಿನ ಸುತ್ತ ನೋಡಿ. ಪ್ಲೇಯರಿನ ಕಡ್ಡಿಗೆ ತೂತು ಸಿಗದೆ ತಡಕಾಡಿದ ಸಣ್ಣ ಗುರುತುಗಳು ಜಾಸ್ತಿ ಇದ್ದರೆ ಆ ಪ್ಲೇಟು ಚೆನ್ನಾಗಿ ದುಡಿದಿದೆ ಅಂತ ಅರ್ಥ. ಕೊಳೆಯನ್ನು ತೊಳೆಯಬಹುದು, ಸವೆತಕ್ಕೆ ಮದ್ದಿಲ್ಲ.

ಈಗ ಶೀರ್ಷಿಕೆಯ ವಿಷಯ. ಹಾಕಿ ತೋರಿಸಿ ಅಂತ ಕೇಳಿದರೆ ಎಲ್ಲರೂ ಮೊದಲ ಹಾಡು ಹಾಕುತ್ತಾರೆ. ನಮ್ಮ ಯಜಮಾನರು ಮುಳ್ಳನ್ನು ಸೀದಾ ಕೊನೇ ಹಾಡಿನ ಮೇಲೆ ಇಡುತ್ತಿದ್ದರು. ಮಾರುವವರೇ ಹೀಗೆ ಮಾಡಿದರೆ ವ್ಯಾಪಾರ ಆಗೋದು ಹೇಗೆ ಅಂತ ನನಗೆ ಆಗ ಅನ್ನಿಸುತ್ತಿತ್ತು. ಕಾರಣ ಸರಳ. ಪ್ಲೇಟು ತಿರುಗುವ ವೇಗ ಒಂದೇ, ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಎಲ್‌ಪಿಯ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೆರೆ ಓಡುತ್ತದೆ. ಲೇಬಲ್ಲಿನ ಹತ್ತಿರ ಬರುವಾಗ ಅದು ಸುಮಾರು 20 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಕೊರೆದಿರುತ್ತಾರೆ. ಹಾಗಾಗಿ ಸವೆತ ಮೊದಲು ಕೇಳಿಸುವುದು ಅಲ್ಲೇ. ಹಾಡುವವರ ಸ, ಶ ಅಕ್ಷರಗಳನ್ನು ಗಮನಿಸಿ. ಅವು ಸಿಡಿದು ಚೂರಾದ ಹಾಗೆ ಕೇಳಿದರೆ, ದನಿ ಏರಿದಾಗ ಹರಿದ ಹಾಗೆ ಆದರೆ, ಬಿಟ್ಟುಬಿಡಿ. ಕೊನೇ ಹಾಡು ಶುದ್ಧವಾಗಿದ್ದರೆ ಉಳಿದ ಹಾಡುಗಳೂ ಬಹುತೇಕ ಸರಿ ಇರುತ್ತವೆ. ಎರಡೂ ಬದಿ ಕೇಳಿ. ಜನ ಇಷ್ಟದ ಬದಿಯನ್ನೇ ಸವೆಸಿರುತ್ತಾರೆ.

ಪ್ಲೇಟು ತಿರುಗುತ್ತಿರುವಾಗಲೇ ಬಗ್ಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿ. ಸಣ್ಣಗೆ ಏರಿಳಿದರೆ ತೊಂದರೆ ಇಲ್ಲ. ಮುಳ್ಳು ಕುಣಿಯುತ್ತಿದ್ದರೆ ಬೇಡ. ಎಲ್‌ಪಿ ಅಂದರೆ ಪಿವಿಸಿ ಪ್ಲಾಸ್ಟಿಕ್, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೂ ಡೊಂಕಾಗುತ್ತದೆ. ಡೊಂಕು ಸರಿಮಾಡುವ ಮನೆಮದ್ದುಗಳನ್ನು ಯಜಮಾನರು ನಂಬುತ್ತಿರಲಿಲ್ಲ, ನಾನೂ ನಂಬುವುದಿಲ್ಲ. ಇನ್ನು ತೂತು ಸ್ವಲ್ಪ ಪಕ್ಕಕ್ಕೆ ಬಿದ್ದ ಪ್ಲೇಟುಗಳಿರುತ್ತವೆ. ಮುಳ್ಳಿನ ತೋಳು ಎಡಕ್ಕೂ ಬಲಕ್ಕೂ ತೂಗುವುದು ಕಾಣುತ್ತದೆ. ಕೊಳಲು, ಪಿಯಾನೋಗಳ ಉದ್ದ ಸ್ವರ ಅಲುಗಿದ ಹಾಗೆ ಕೇಳುತ್ತದೆ.

ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ, ಎಲ್‌ಪಿಗಿಂತ ಹಳೆಯ 78ರ ಪ್ಲೇಟುಗಳದ್ದು ಬೇರೆಯೇ ಲೋಕ. ಅವು ಪ್ಲಾಸ್ಟಿಕ್ ಅಲ್ಲ, ಹೆಚ್ಚಿನವು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದವು. ಕೈಜಾರಿದರೆ ಚೂರುಚೂರು. 10 ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ ಅಷ್ಟೇ. ಅಂಚಿನಿಂದ ಒಳಕ್ಕೆ ಹೋಗುವ ಕೂದಲೆಳೆಯ ಬಿರುಕು ಇದೆಯಾ ಅಂತ ಎರಡೂ ಕಡೆ ನೋಡಿ. ಅವುಗಳ ಗೆರೆ ಅಗಲ, ಹಾಗಾಗಿ ಮುಳ್ಳಿನ ತುದಿಯೂ ದಪ್ಪಗಿರಬೇಕು. ತುದಿಯ ತ್ರಿಜ್ಯ 78ಕ್ಕೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಎಡಬಲ ಎರಡೂ ಕಡೆ ಒಂದೇ ಸದ್ದು ಬರುವ ಮಾನೋ ಎಲ್‌ಪಿಗೆ ಸುಮಾರು 25. ಎಲ್‌ಪಿ ಮುಳ್ಳಿನಲ್ಲಿ 78 ಹಾಕಿದರೆ ಅದು ಗೆರೆಯ ತಳದ ಕಸವನ್ನೆಲ್ಲ ಹಾಡುತ್ತದೆ. ಅದಕ್ಕಿಂತ ಘೋರ ಅಂದರೆ ಕೀ ಕೊಡುವ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕುವುದು. ಉಕ್ಕಿನ ಮುಳ್ಳಿನ ಆ ಭಾರಕ್ಕೆ ಎಲ್‌ಪಿ ಒಂದೇ ಸಲಕ್ಕೆ ಹಾಳು. ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು, ಸುಮ್ನೆ ಹೇಳಿದ ಮಾತಲ್ಲ ಅದು. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮುಳ್ಳನ್ನೇ ತೇಯುತ್ತದೆ. ಒಂದು ಬದಿ ಮುಗಿಯುವಷ್ಟರಲ್ಲಿ ಅದರ ತುದಿ ಉಳಿಯಂತಾಗಿರುತ್ತದೆ.

ತೊಳೆಯುವುದು ಕಷ್ಟವಲ್ಲ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಮೃದುವಾದ ಪಾತ್ರೆ ಸೋಪಿನ ಒಂದು ಹನಿ, ನೂಲು ಬಿಡದ ಬಟ್ಟೆ. ಗೆರೆ ಹೋದ ದಿಕ್ಕಿಗೇ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ. ಲೇಬಲ್ ನೆನೆಯಬಾರದು. 78ರ ಹತ್ತಿರ ಸ್ಪಿರಿಟ್ ತರಲೇಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಣಗಿದ ಮೇಲೆ ಹಳೇ ಒಳಕವರಿಗೆ ವಾಪಸ್ ಹಾಕಬೇಡಿ, ಹೊಸದು ತನ್ನಿ. ಮೆತ್ತಗಿನ ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇದ್ದ ಪ್ಲೇಟಿನ ಮೇಲೆ ಮಂಜಿನಂಥ ಕಲೆ ಬರುತ್ತದೆ. ಅದು ಎಷ್ಟು ತೊಳೆದರೂ ಹೋಗದೆ ಇರಬಹುದು. ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಮೊದಲ ಮುದ್ರಣದ ಹುಚ್ಚಿನ ಬಗ್ಗೆಯೂ ಒಂದು ಮಾತು. ಕೊನೇ ಹಾಡಿಗೂ ಲೇಬಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರ, ಅಂಕಿಗಳಿರುತ್ತವೆ. ಅದು ಮ್ಯಾಟ್ರಿಕ್ಸ್ ನಂಬರ್. ಈ ಪ್ಲೇಟು ಯಾವ ಅಚ್ಚಿನಿಂದ ಬಂದಿದೆ ಅನ್ನುವುದಕ್ಕೆ ಅದೇ ಒಳ್ಳೆಯ ಸುಳಿವು. ಈಗ ರೆಕಾರ್ಡುಗಳ ವಿವರ ಕೊಡುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು, ಯಜಮಾನರು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಕವರಿನ ಮೇಲಿನ ಇಸವಿಯನ್ನು ನಂಬಬೇಡಿ, ಮರುಮುದ್ರಣದಲ್ಲೂ ಅದೇ ಇಸವಿ ಇರುತ್ತದೆ. 1960ರ ದಶಕದ್ದು ಅನ್ನುವ ಕವರಿನ ಹಿಂದೆ ಬಾರ್‌ಕೋಡ್ ಕಂಡರೆ ಅದು ಆಮೇಲಿನ ಮುದ್ರಣ ಅಂತ ಗೊತ್ತಾಯಿತಲ್ಲ. ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1958ರ ಹೊತ್ತಿಗೆ. ಅದಕ್ಕಿಂತ ಬಹಳ ಹಿಂದಿನ ಹಾಡಿನ ಮೇಲೆ ಸ್ಟೀರಿಯೋ ಅಂತ ಬರೆದಿದ್ದರೆ, ಮಾನೋವನ್ನೇ ಆಮೇಲೆ ಎರಡಾಗಿ ಒಡೆದಿರುವ ಸಾಧ್ಯತೆ ಹೆಚ್ಚು. ಬಾವಿಯೊಳಗೆ ಹಾಡಿದ ಹಾಗಿರುತ್ತದೆ. ಮಾನೋ ಸಿಕ್ಕರೆ ಮಾನೋನೇ ತಗೊಳ್ಳಿ. ಎರಡನೇ, ಮೂರನೇ ಮುದ್ರಣದ ಶುದ್ಧ ಪ್ಲೇಟು, ಸವೆದ ಮೊದಲ ಮುದ್ರಣಕ್ಕಿಂತ ನನಗೆ ಯಾವತ್ತೂ ಮೇಲು. ಈ ವಿಷಯದಲ್ಲಿ ಸಂಗ್ರಾಹಕರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಬರಲಿ.

ಆನ್‌ಲೈನಿನಲ್ಲಿ ಕೊಳ್ಳುವವರು ರೆಕಾರ್ಡ್ ಸಂಗ್ರಾಹಕರ ಗೋಲ್ಡ್‌ಮೈನ್ ಪತ್ರಿಕೆಯ ಶ್ರೇಣಿಗಳನ್ನು, ಅಂದರೆ ಪ್ಲೇಟಿನ ಸ್ಥಿತಿ ಹೇಳುವ ದರ್ಜೆಗಳನ್ನು ತಿಳಿದಿರಬೇಕು. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಹೀಗೆ ಇಳಿಯುತ್ತದೆ. ಗುಡ್ ಅಂತ ಬರೆದಿದ್ದರೆ ಗರಗರ ಜಾಸ್ತಿ ಅಂತಲೇ ತಿಳಿಯಿರಿ. ಕೇಳಲು ಕೊಳ್ಳುವವರಿಗೆ ವೆರಿ ಗುಡ್ ಪ್ಲಸ್ ಸಾಕು. ಕೇಳಿ ನೋಡಿ ಶ್ರೇಣಿ ಕೊಟ್ಟಿರಾ, ಕಣ್ಣಲ್ಲಿ ನೋಡಿಯಾ ಅಂತ ಮಾರುವವರನ್ನು ಕೇಳಿ.

ಅಂಗಡಿಯಲ್ಲಾದರೆ ಬಾಯಿಬಿಟ್ಟು ಮಾತಾಡಿ. ನಿಮಗೆ ಏನು ಬೇಕು ಅಂತ ಅಂಗಡಿಯವರಿಗೆ ಗೊತ್ತಿರಬೇಕು. ನಮ್ಮ ಯಜಮಾನರ ಹತ್ತಿರ ಒಂದು ಉದ್ದ ಲೆಕ್ಕದ ಪುಸ್ತಕ ಇತ್ತು. ಯಾರು ಯಾವ ಪ್ಲೇಟು ಹುಡುಕುತ್ತಿದ್ದಾರೆ ಅಂತ ಅದರಲ್ಲಿ ಬರೆದಿಡುತ್ತಿದ್ದರು. ಹೊಸ ಡಬ್ಬ ಬಂದಾಗ ಮೊದಲು ಆ ಪುಸ್ತಕ ತೆರೆಯುತ್ತಿದ್ದರು, ಉಳಿದದ್ದು ಮಾತ್ರ ಸಾಲಿಗೆ ಹೋಗುತ್ತಿತ್ತು. ಅಂದರೆ ಸುಮ್ಮನೆ ಸಾಲು ತಿರುವಿ ಹೋಗುವವರಿಗೆ ಒಳ್ಳೆಯವು ಕಾಣುತ್ತಲೇ ಇರಲಿಲ್ಲ. ನನಗೆ ಬೇಕಾದದ್ದು ಸಿಕ್ಕಾಗಲೂ ಅವರು ಲ್ಯಾಂಪಿನ ಕೆಳಗೆ ಹಿಡಿದು, "ಇದು ಬೇಡ, ಇನ್ನೊಂದು ಬರುತ್ತೆ, ತಡಿ" ಅಂದದ್ದುಂಟು. ಹಾಗೆ ಹೇಳುವ ಅಂಗಡಿ ಸಿಕ್ಕರೆ ಚೌಕಾಸಿಯನ್ನು ಸ್ವಲ್ಪ ಕಮ್ಮಿ ಮಾಡಿ. ಇಂಟರ್ನೆಟ್ಟಿನಲ್ಲಿ ಇದಕ್ಕೆ ಇಷ್ಟೇ ಅಂತ ಫೋನು ತೋರಿಸುವ ಮೊದಲು, ಅದು ಕೇಳುತ್ತಿರುವ ಬೆಲೆಯೋ ನಿಜವಾಗಿ ಮಾರಿದ ಬೆಲೆಯೋ, ಯಾವ ಶ್ರೇಣಿಯ ಪ್ಲೇಟಿನದ್ದೋ ನೋಡಿಕೊಳ್ಳಿ.

ದುಡ್ಡು ಕೊಡುವ ಮೊದಲು ಲೇಬಲ್ ಓದಿ. ಕವರಿನೊಳಗೆ ಬೇರೆ ಪ್ಲೇಟು ಇರುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಎರಡು ಪ್ಲೇಟಿನ ಆಲ್ಬಂ ಆದರೆ ಎರಡೂ ಇವೆಯಾ, ಒಂದೇ ಪ್ಲೇಟು ಎರಡು ಸಲ ಸೇರಿಕೊಂಡಿಲ್ಲ ತಾನೇ? ಆ ಅಂಗಡಿಯ ಹಿಂಬದಿಯಲ್ಲಿ ಕವರಿಲ್ಲದ ಪ್ಲೇಟುಗಳದ್ದೊಂದು ಸಾಲು, ಪ್ಲೇಟಿಲ್ಲದ ಕವರುಗಳದ್ದೊಂದು ಸಾಲು ಇದ್ದವು. ವರ್ಷಗಳ ನಂತರ ಎಲ್ಲಿಂದಲೋ ಬಂದ ಪ್ಲೇಟಿಗೆ ಇಲ್ಲಿನ ಕವರ್ ಹೊಂದಿದಾಗ ಯಜಮಾನರು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದರು. ಖಾಲಿ ಕವರುಗಳು ಬರುತ್ತಿದ್ದದ್ದು ಹೇಗೆ ಗೊತ್ತಾ? ಮನೆಯವರು ಕಪಾಟಿನಲ್ಲಿದ್ದದ್ದನ್ನೆಲ್ಲ ಡಬ್ಬಕ್ಕೆ ತುಂಬಿ ತಂದಿರುತ್ತಾರೆ, ಕೊನೆಯ ಸಲ ಕೇಳಿದ ಪ್ಲೇಟು ಮಾತ್ರ ಪ್ಲೇಯರಿನಲ್ಲೇ ಉಳಿದಿರುತ್ತದೆ. ಅದಕ್ಕೇ ಯಾರಾದರೂ ಮಾರಲು ಬಂದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಪ್ಲೇಯರಿನ ಮುಚ್ಚಳ ತೆಗೆದು ನೋಡಿದ್ರಾ?" ನೀವು ಮಾರುವಾಗಲೂ ನೋಡಿ.