ಟೊಳ್ಳು ಗೋಡೆಗೆ ಟವೆಲ್ ರಾಡ್ ಕೂರಿಸುವುದು ಹೇಗೆ?

ಅಗ್ರಹಾರದ ಹಳೇ ಮನೆಗಳಲ್ಲಿ ಈ ತಲೆನೋವೇ ಇಲ್ಲ. ದಪ್ಪ ಗೋಡೆ, ಎಲ್ಲಿ ತೂತು ಕೊರೆದರೂ ನಡೆಯುತ್ತದೆ. ಈಗ ಮೈಸೂರಿನಲ್ಲೂ ಮಹಡಿ ಮೇಲೆ ರೂಮು ಎಬ್ಬಿಸುವವರು, ಬೆಡ್‌ರೂಮಿನ ಮೂಲೆಯಲ್ಲೊಂದು ಬಾತ್‌ರೂಮು ತೆಗೆಯುವವರು ಜಿಪ್ಸಮ್ ಬೋರ್ಡಿನ ಪಾರ್ಟಿಷನ್ ಹಾಕಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಭಾರವೂ ಕಮ್ಮಿ. ತಕರಾರು ಶುರುವಾಗುವುದು ಟವೆಲ್ ರಾಡ್ ಹಾಕುವಾಗ.

ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿ.ಮೀ. ಎರಡೂ ಕಡೆ ಕಾಗದ, ನಡುವೆ ಜಿಪ್ಸಮ್, ಹಿಂದೆ ಜಿಐ ಚಾನಲ್, ಅಂದರೆ ಬೋರ್ಡನ್ನು ಹಿಡಿದಿರುವ ತಗಡಿನ ಪಟ್ಟಿ. ಉಳಿದದ್ದೆಲ್ಲ ಟೊಳ್ಳು. ಇಟ್ಟಿಗೆ ಗೋಡೆಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಇಲ್ಲಿ ದಂಡ. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಉಬ್ಬಿ ಸುತ್ತಲಿನ ಗೋಡೆಯನ್ನು ಒತ್ತಬೇಕು. ಜಿಪ್ಸಮ್ ಒತ್ತಿದರೆ ಪುಡಿಯಾಗುತ್ತದೆ, ಅಷ್ಟೇ. ಮೊದಲ ದಿನ ಭದ್ರವಾಗೇ ಕಾಣುತ್ತದೆ. ಒದ್ದೆ ಟವೆಲ್ಲನ್ನು ನಾಲ್ಕು ಸಲ ಎಳೆದ ಮೇಲೆ ರಾಡು ಕೈಗೇ ಬರುತ್ತದೆ.

ಹಾಗಾಗಿ ಮೊದಲು ಚಾನಲ್ ಹುಡುಕಿ. ಗಟ್ಟಿ ಅಯಸ್ಕಾಂತವೊಂದನ್ನು ಗೋಡೆ ಮೇಲೆ ನಿಧಾನವಾಗಿ ಜಾರಿಸಿ. ಬೋರ್ಡಿಗೆ ಹೊಡೆದ ಸ್ಕ್ರೂ ತಲೆ ಬಂದಲ್ಲಿ ಅದು ಕಚ್ಚಿಕೊಳ್ಳುತ್ತದೆ. ಅದೇ ನೇರದಲ್ಲಿ ಮೇಲೆ ಕೆಳಗೆ ಇನ್ನೆರಡು ಸಿಕ್ಕರೆ ಅದೇ ಚಾನಲ್. ಪಕ್ಕದ್ದು ಹೆಚ್ಚಾಗಿ ಎರಡಡಿ ಆಚೆ ಇರುತ್ತದೆ. ಬಾತ್‌ರೂಮಿನ ಕಡೆ ಟೈಲ್ಸ್ ಇದ್ದರೆ ಅಯಸ್ಕಾಂತ ಹಿಡಿಯುವುದು ಕಷ್ಟ. ಸುಮ್ನೆ ಗೋಡೆಯ ಆಚೆ ಬದಿಗೆ, ಬೆಡ್‌ರೂಮಿಗೆ ಹೋಗಿ ಹುಡುಕಿ. ಎರಡೂ ಕಡೆಗೆ ಚಾನಲ್ ಒಂದೇ ಅಲ್ವಾ? ಬಾಗಿಲ ಚೌಕಟ್ಟಿನಿಂದ ಅಳತೆ ಹಿಡಿದು ಈಚೆ ಗುರುತು ಮಾಡಿ.

ನಲ್ಲಿಯ ನೇರಕ್ಕೆ, ಸ್ವಿಚ್ಚಿನ ನೇರಕ್ಕೆ ಕೊರೆಯಬೇಡಿ. ಒಳಗೆ ಪೈಪು, ವೈರು ಇರಬಹುದು. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಟೈಲ್ಸ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸಿಗೆಂದೇ ಬರುವ ಡ್ರಿಲ್ ಬಿಟ್ ಹಾಕಿ ನಿಧಾನವಾಗಿ ಕೊರೆಯಿರಿ.

ರಾಡಿನ ಎರಡೂ ತುದಿ ಚಾನಲ್ ಮೇಲೆ ಬರುವುದು ಅಪರೂಪ. ಬಂದ ತುದಿಯ ಸ್ಕ್ರೂ ನೇರ ಚಾನಲ್ಲಿಗೇ ಹೋಗಲಿ, ಬಾರದ ತುದಿಗೆ ಟಾಗಲ್ ಬೋಲ್ಟ್ ಹಾಕಿ. ಇದರ ತುದಿಯಲ್ಲಿ ಸ್ಪ್ರಿಂಗಿನ ಎರಡು ರೆಕ್ಕೆ ಇರುತ್ತವೆ. ಮಡಚಿ ತೂತಿನೊಳಗೆ ತಳ್ಳಿದರೆ ಆ ಕಡೆ ಬಿಚ್ಚಿಕೊಂಡು ಬೋರ್ಡಿನ ಬೆನ್ನನ್ನು ಹಿಡಿಯುತ್ತವೆ. ಎಳೆತ ಒಂದೇ ತೂತಿನ ಅಂಚಿಗೆ ಬೀಳದೆ ಅಗಲಕ್ಕೆ ಹಂಚಿಹೋಗುತ್ತದೆ. ರೆಕ್ಕೆ ಒಳಗೆ ಹೋಗಲು ತೂತು ದೊಡ್ಡದೇ ಬೇಕು, ಅದನ್ನು ಮುಚ್ಚುವಷ್ಟು ಅಗಲದ ಬಿಲ್ಲೆ ರಾಡಿಗಿದೆಯೇ ಎಂದು ಅಂಗಡಿಯಲ್ಲೇ ನೋಡಿ. ಬೋಲ್ಟನ್ನು ಮೊದಲು ರಾಡಿನ ಬ್ರಾಕೆಟ್ಟಿಗೆ ಪೋಣಿಸಿ, ಆಮೇಲೆ ರೆಕ್ಕೆ ಸಿಕ್ಕಿಸಿ ಒಳಗೆ ತಳ್ಳಿ. ತಳ್ಳಿದ ಮೇಲೆ ಬೋಲ್ಟ್ ಪೂರ್ತಿ ಬಿಚ್ಚಿದರೆ ರೆಕ್ಕೆ ಗೋಡೆಯೊಳಗೆ ಬಿದ್ದುಹೋಗುತ್ತದೆ. ತಿರುಗಿಸುವಾಗ ಬ್ರಾಕೆಟ್ಟನ್ನು ನಿಮ್ಮ ಕಡೆ ಎಳೆದು ಹಿಡಿದಿರಿ, ಇಲ್ಲದಿದ್ದರೆ ರೆಕ್ಕೆಯೂ ಜೊತೆಗೇ ಸುತ್ತುತ್ತದೆ. ಬಿಗಿಯಾದ ಕೂಡಲೇ ನಿಲ್ಲಿಸಿ. ಜಾಸ್ತಿ ಬಿಗಿದರೆ ಬೋರ್ಡು ಒಡೆಯುತ್ತದೆ.

ಬಿಗಿಯುವ ಮೊದಲು ತೂತಿನ ಸುತ್ತ ಸಿಲಿಕಾನ್, ಅಂದರೆ ನೀರು ಒಳಗೆ ಹೋಗದಂತೆ ತಡೆಯುವ ಅಂಟು, ಹಚ್ಚುವುದನ್ನು ಬಿಡಬೇಡಿ. ನೀರು ಕುಡಿದ ಜಿಪ್ಸಮ್ ಮೆತ್ತಗಾಗುತ್ತದೆ. ತೇವ ತಡೆಯುವ ಹಸಿರು ಬೋರ್ಡಿಗೂ ಇದು ಬೇಕು. ಸ್ಕ್ರೂ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಸಿಲಿಕಾನ್ ಒಣಗಲು ಒಂದು ದಿನ ಬಿಟ್ಟು ಟವೆಲ್ ಹಾಕಿ.

ಸೋಪಿನ ಪೆಟ್ಟಿಗೆ, ಸಣ್ಣ ಕನ್ನಡಿಗೆ ಇಷ್ಟೆಲ್ಲಾ ಬೇಡ. ಬೋರ್ಡಿಗೆಂದೇ ಬರುವ, ಹೊರಮೈಯಲ್ಲಿ ಸ್ಕ್ರೂವಿನಂಥ ದಪ್ಪ ಸುತ್ತುಗಳಿರುವ ಪ್ಲಗ್ ಸಾಕು. ಗೀಸರ್ ಮಾತ್ರ ಬೋರ್ಡಿಗೆ ಬೇಡವೇ ಬೇಡ. 15 ಲೀಟರಿನದಾದರೆ ನೀರಿನ ಭಾರವೇ 15 ಕೆ.ಜಿ. ಅದಕ್ಕೆ ಇಟ್ಟಿಗೆ ಗೋಡೆಯೇ ಆಗಬೇಕು.

ಅಜ್ಜಿ ತಾತಂದಿರು ಹಿಡಿದು ಏಳುವ ಹಿಡಿಕೆಯನ್ನೂ ಟಾಗಲ್ ನಂಬಿ ಹಾಕಬೇಡಿ. ಕಾಲು ಜಾರಿದಾಗ ಇಡೀ ಮೈಭಾರ ಅದರ ಮೇಲೇ ಬೀಳುತ್ತದೆ. ಪಾರ್ಟಿಷನ್ ಕೆಲಸ ಇನ್ನೂ ನಡೆಯುತ್ತಿದ್ದರೆ, ಬೋರ್ಡು ಮುಚ್ಚುವ ಮುಂಚೆಯೇ ಆಚಾರ್ರಿಗೆ ಹೇಳಿ. ಎರಡು ಚಾನಲ್ ನಡುವೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಪಟ್ಟಿ ಕೊಡಲಿ. ಹಿಡಿಕೆ, ರಾಡು, ವಾಶ್‌ಬೇಸಿನ್ ಬರುವ ಜಾಗಕ್ಕೆಲ್ಲ ಒಂದೊಂದು. ನೆಲದಿಂದ ಟೇಪು ಹಿಡಿದು, ಅಳತೆ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಟೈಲ್ಸ್ ಹಾಕಿದ ಮೇಲೆ ಪಟ್ಟಿ ಎಲ್ಲಿದೆ ಅಂತ ಹಾಕಿದವರಿಗೂ ನೆನಪಿರುವುದಿಲ್ಲ.