ಆಯಿಲ್ ಶೋನಲ್ಲಿ ಹಳೇ ಕಲೀಗ್ಸ್ ಸಿಗ್ಬೇಕಂದ್ರೆ
ಹ್ಯೂಸ್ಟನ್‌ನ ಓಟಿಸಿ, ಅಬುಧಾಬಿಯ ಅಡಿಪೆಕ್ ತರದ ದೊಡ್ಡ ಆಯಿಲ್ ಶೋಗೆ, ಅಂದ್ರೆ ತೈಲ ಕಂಪನಿಗಳ ಪ್ರದರ್ಶನಕ್ಕೆ ಹೋಗೋರು ಹಳೇ ಕಲೀಗ್ಸ್‌ನ ಹಳೇ ಕಂಪನಿ ಸ್ಟಾಲ್‌ನಲ್ಲಿ ಹುಡುಕ್ಬೇಡಿ, ಅವ್ರು ಮಾಡ್ತಿದ್ದ ಕೆಲಸದ ಮಷೀನ್ ಇಟ್ಟಿರೋ ಕಡೆ ಹೋಗಿ. 2014ರಲ್ಲಿ ಕಚ್ಚಾ ಎಣ್ಣೆ ರೇಟ್ ಬಿದ್ಮೇಲೆ, ಮತ್ತೆ 2020ರಲ್ಲಿ, ಎಷ್ಟೋ ಜನ ಕಂಪನಿ ಬದಲಾಯಿಸಿದ್ರು ಆದ್ರೆ ಕಸುಬು ಬಿಡ್ಲಿಲ್ಲ, ಮಡ್ ಇಂಜಿನಿಯರ್ (ಬಾವಿ ಕೊರೆಯೋವಾಗ ಬಳಸೋ ಕೆಸರು ದ್ರವ ನೋಡ್ಕೊಳ್ಳೋರು) ಆಗಿದ್ದೋರು ಶೇಲ್ ಶೇಕರ್ (ಆ ದ್ರವದಿಂದ ಕಲ್ಲಿನ ಚೂರು ಜರಡಿ ಹಿಡಿಯೋ ಮಷೀನ್) ಮುಂದೆ ನಿಂತು ಜಾಲರಿನ ಬೆರಳಲ್ಲಿ ಸವರಿ ನೋಡ್ತಾ ಇರ್ತಾರೆ. ಒಂದು ವಾರ ಮುಂಚೆನೇ ಮೆಸೇಜೂ ಹಾಕಿ, ಬರೀ ನಿಮ್ಮ ಹೆಸರಲ್ಲ, ಜೊತೆಗೆ ಕೆಲಸ ಮಾಡಿದ ರಿಗ್ (ಬಾವಿ ಕೊರೆಯೋ ಯಂತ್ರ) ಹೆಸರು, ವರ್ಷ ಬರೀರಿ, ತಟ್ಟಂತ ನೆನಪಾಗುತ್ತೆ. ಸ್ಟಾಲ್ ಡ್ಯೂಟಿಲಿರೋರ ಹತ್ರ ಮಾತ್ರ ಇದು ನಡೆಯಲ್ಲ, ಪಾಪ ಅವ್ರು ಕದಲೋ ಹಾಗಿಲ್ಲ, ಹಾಲ್ ಮುಚ್ಚೋ ಹೊತ್ತಿಗೆ ಹೋಗಿ. ಫೀಲ್ಡೇ ಬಿಟ್ಟೋರಿಗೆ ಫೋನೇ ಮಾಡ್ಬೇಕು.