ಸ್ಕೋರ್ ಯಾಕೆ ಜಾಸ್ತಿ ಬಂತು? ಪೆಟ್ಟಿಗೆ ಬರೆದು ತೋರಿಸಿದೆ

ಬಾಗಲಕೋಟೆಯಲ್ಲಿ ಕೂತು ಇಳಕಲ್ಲಿನ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಅಲ್ಲಿ 'ಇಳಕಲ್ ಸೀರೆ' ಅಂತ ಹುಡುಕಿದರೆ ಮೊದಲು ಗುಳೇದಗುಡ್ಡ ಖಣ (ರವಿಕೆ ಬಟ್ಟೆ) ಬರುತ್ತಿತ್ತು. ಹುಡುಕಾಟ ನಡೆಸುವ ಸಾಫ್ಟ್‌ವೇರ್ ಇಲಾಸ್ಟಿಕ್‌ಸರ್ಚ್ ಪ್ರತಿ ಐಟಂಗೂ ಒಂದು ಸ್ಕೋರ್ ಕೊಟ್ಟು, ಜಾಸ್ತಿ ಬಂದದ್ದನ್ನು ಮೇಲೆ ತೋರಿಸುತ್ತದೆ. ಆ ಸ್ಕೋರ್ ಹೇಗೆ ಬಂತು ಅಂತ ಹೇಳುವ ಎಕ್ಸ್‌ಪ್ಲೇನ್ ಆನ್ ಮಾಡಿದರೆ ಒಂದೊಂದು ಐಟಂಗೂ ಹತ್ತಿರ ಹತ್ತಿರ 200 ಸಾಲು ಜೇಸನ್ (ಒಂದರೊಳಗೊಂದು ಮಡಚಿಟ್ಟ ಲೆಕ್ಕದ ಪಠ್ಯ). ಇದನ್ನು ಚಿತ್ರವಾಗಿ ಬರೆಯುತ್ತೇನೆ ಅಂದಾಗ ಬೆಳಗಾವಿಯ ಗೆಳೆಯರು, "ಸುಮ್ನೆ ಬೂಸ್ಟ್ ಹಾಕಿ ಬಿಡು" ಅಂದರು. ಬೂಸ್ಟ್ ಅಂದರೆ ಬೇಕಾದದ್ದರ ಸ್ಕೋರನ್ನು ನಾವೇ ಏರಿಸಿಬಿಡುವುದು.

ಮೊದಲು ಲೆಕ್ಕದ ಇಡೀ ಟ್ರೀ ಬರೆದೆ. ಸ್ಕ್ರೀನ್ ತುಂಬ ಗೆರೆ, ಏನೂ ತಿಳಿಯಲಿಲ್ಲ. ಆಮೇಲೆ ಐಡಿಎಫ್ (ಪದ ಎಷ್ಟು ಅಪರೂಪ ಅನ್ನೋ ಅಂಕ), ಟಿಎಫ್ (ಆ ಐಟಂನ ಬರಹದಲ್ಲಿ ಪದ ಎಷ್ಟು ಸಲ ಬಂದಿದೆ ಅನ್ನೋದರ ಅಂಕ) ಒಂದರ ಮೇಲೊಂದು ಪೇರಿಸಿದ ಬಾರ್ ಚಾರ್ಟ್. ಅವೆರಡೂ ಗುಣಿಸುವ ಸಂಖ್ಯೆಗಳು, ಪೇರಿಸಿದರೆ ಲೆಕ್ಕ ಕೂಡುವುದಿಲ್ಲ. ನಡುವೆ ಒಂದು ರೆಡಿಮೇಡ್ ಡ್ಯಾಶ್‌ಬೋರ್ಡ್‌ಗೆ ತಿಂಗಳಿಗೆ ಸುಮಾರು 3 ಸಾವಿರ ಕಟ್ಟಿದೆ. ಹತ್ತಿರ 10 ಸಾವಿರ ಹೋಯಿತು. ಅದು ಒಟ್ಟು ಸ್ಕೋರ್ ಬಿಟ್ಟು ಒಳಗೆ ಇಳಿಯಲೇ ಇಲ್ಲ.

ಕೊನೆಗೆ ಕೈಹಿಡಿದದ್ದು ಪೆಟ್ಟಿಗೆ. ಒಂದು ಪದಕ್ಕೆ ಒಂದು ಪೆಟ್ಟಿಗೆ: ಅಗಲ ಐಡಿಎಫ್, ಎತ್ತರ ಟಿಎಫ್. ಕ್ಷೇತ್ರಫಲವೇ ಆ ಪದದ ಪಾಲು. ಎಲ್ಲ ಕಡೆ ಒಂದೇ ಗುಣಕವಾಗಿ ಕಾಣುವ 2.2 ಬಿಟ್ಟುಬಿಟ್ಟೆ, ಅದು ಸ್ಕೋರ್ ಸೂತ್ರದ ಕೆ1 ಅನ್ನೋ ಸಂಖ್ಯೆಗೆ (1.2) ಒಂದು ಕೂಡಿಸಿದ್ದು ಅಷ್ಟೇ. ಎಕ್ಸ್‌ಪ್ಲೇನ್‌ನಲ್ಲಿ 'ಸಮ್ ಆಫ್' (ಎಲ್ಲ ಕೂಡಿಸು) ಇದ್ದರೆ ಪೆಟ್ಟಿಗೆಗಳು ಪಕ್ಕಪಕ್ಕ. 'ಮ್ಯಾಕ್ಸ್ ಆಫ್' (ದೊಡ್ಡದನ್ನು ಮಾತ್ರ ತಗೋ) ಇದ್ದರೆ ಗೆದ್ದದ್ದಕ್ಕೆ ಬಣ್ಣ, ಉಳಿದವಕ್ಕೆ ಬರೀ ಗೆರೆ. ಸೋತವುಗಳದ್ದೂ ಸ್ವಲ್ಪ ಪಾಲು ಕೂಡಿಸುವ ಟೈ ಬ್ರೇಕರ್ ಇದ್ದಾಗ ಹೇಗೆ ಬರೆಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದರಿಂದಲೇ ಬೇರೆ ಕೆಲಸ ಸಿಗುತ್ತಿದೆ.

ಪ್ರಿಂಟ್ ತೆಗೆದು ಅಂಗಡಿ ಮಾಲಕರ ಮುಂದೆ ಇಟ್ಟೆ. "ಖಣದ ಪೆಟ್ಟಿಗಿ ಯಾಕ ಇಷ್ಟ ಎತ್ತರ ಐತಿ?" ಅಂತ ಅವರೇ ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ! ಖಣದ ವಿವರಣೆ ಎಂಟು-ಹತ್ತು ಪದ, ಅದರಲ್ಲಿ 'ಇಳಕಲ್ ಸೀರೆ ಜೊತೆ ಒಪ್ಪುತ್ತದೆ' ಅಂತ ಇತ್ತು. ಸೀರೆಗಳಿಗೆ ಗೋಮಿ ದಡಿ, ಟೋಪ್ ತೆನಿ ಸೆರಗು, ನೂಲು ಅಂತ ನೂರು ಪದ. ಸ್ಕೋರ್ ಲೆಕ್ಕ ಹಾಕುವ ಸೂತ್ರ ಬಿಎಂ25 ಉದ್ದದ ಬರಹಕ್ಕೆ ಟಿಎಫ್ ತಗ್ಗಿಸುತ್ತದೆ. ಇಂಡೆಕ್ಸ್ (ಐಟಂಗಳ ಹುಡುಕುವ ಪಟ್ಟಿ) ಕ್ಲೋಸ್ ಮಾಡಿ, ಉದ್ದಕ್ಕೆ ಎಷ್ಟು ತಗ್ಗಿಸಬೇಕು ಅನ್ನೋ 'ಬಿ'ಯನ್ನು 0.75ರಿಂದ 0.3ಕ್ಕೆ ಇಳಿಸಿ, ಮತ್ತೆ ಓಪನ್ ಮಾಡಿದೆ. ಖಣ ಕೆಳಗಿಳಿಯಿತು. ಸೊನ್ನೆಯನ್ನೂ ಹಾಕಿ ನೋಡಿದೆ. ಆಗ ಒಂದೇ ಪದ ಹತ್ತು ಸಲ ತುರುಕಿದ ಐಟಂಗಳು ಮೇಲೇರಿದವು.

ಇನ್ನೊಂದು ವಿಷಯ ಚಿತ್ರ ನೋಡಿದ ಮೇಲೇ ತಿಳಿದದ್ದು. 'ಇಳಕಲ್' ಪದದ ಪೆಟ್ಟಿಗೆ ಒಂದೊಂದು ಸೀರೆಗೆ ಒಂದೊಂದು ಅಗಲ! ಒಂದೇ ಫೀಲ್ಡ್, ಒಂದೇ ಪದ, ಐಡಿಎಫ್ ಒಂದೇ ಇರಬೇಕಲ್ವಾ? ಇಂಡೆಕ್ಸ್ ಮಾಡಿದ್ದು ಇಲಾಸ್ಟಿಕ್‌ಸರ್ಚ್ ಆವೃತ್ತಿ 7 ಬರುವ ಮೊದಲು, ಆಗ ಡಿಫಾಲ್ಟ್ 5 ಶಾರ್ಡ್ (ಇಂಡೆಕ್ಸಿನ ತುಂಡುಗಳು). ಪ್ರತಿ ಶಾರ್ಡ್ ತನ್ನ ಲೆಕ್ಕ ತಾನೇ ಹಾಕುತ್ತದೆ. ಇದ್ದದ್ದೇ ಎರಡು ಸಾವಿರ ಐಟಂ, ಐದು ತುಂಡಿಗೆ ಹಂಚಿದ್ದಕ್ಕೆ ಐಡಿಎಫ್ ತುಂಡಿಗೊಂದು ಆಗಿತ್ತು. ಒಂದೇ ಶಾರ್ಡಿಗೆ ರೀಇಂಡೆಕ್ಸ್ ಮಾಡಿದೆ, ಅಗಲ ಸರಿಹೋಯಿತು. ಬೂಸ್ಟ್ ಹಾಕಿದ್ದರೆ ಈ ಎರಡೂ ತೊಂದರೆ ಒಳಗೇ ಉಳಿಯುತ್ತಿದ್ದವು. ಮಾಲಕರು ಬಾಕಿ ಹಣ ಅದೇ ವಾರ ಹಾಕಿದರು.